ಅಣ್ಣ ಬರೆದ ನಕಾಶೆಯಲ್ಲಿ ಸಮುದ್ರ

ತೆಂಗ್‌ಕೆರಾ, ಮಲಾಕಾ
೭ ಏಪ್ರಿಲ್ ೨೦೧೨

ಪ್ರೀತಿಯ ಸ್ವೀ ಹೊಕ್ ಅಣ್ಣನಿಗೆ,

ನಿನ್ನ ಸೊಂಟದ ನೋವು ಈಗ ಹೇಗಿದೆ? ಕೋಲು ಹಿಡಿಯಲು ನಾಚಿಕೊಳ್ಳುತ್ತೀ ಎಂದು ನಿನ್ನ ಮಗಳು ರೂತ್ ದೂರು ಹೇಳಿದಳು. ಎಪ್ಪತ್ತಾರರಲ್ಲಿ ಇನ್ಯಾರ ಮುಂದೆ ಗತ್ತು? ಮಾರ್ಗರೆಟ್ ಅತ್ತಿಗೆಯ ಆರೋಗ್ಯ ಚೆನ್ನಾಗಿದೆಯೆಂದು ಕೇಳಿ ಸಮಾಧಾನವಾಯಿತು. ನನಗೆ ಮಂಡಿ ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಕಣ್ಣು ಇನ್ನೂ ಮಣಿ ಪೋಣಿಸುವಷ್ಟಿದೆ. ಈ ಪತ್ರದ ಜೊತೆ ರೂತ್ ಕೈಯಲ್ಲೇ ಅತ್ತಿಗೆಗೆಂದು ಒಂದು ಜೊತೆ ಮಣಿಯ ಚಪ್ಪಲಿ ಕಳಿಸುತ್ತಿದ್ದೇನೆ. ಅಳತೆ ರೂತ್ ಹೇಳಿದ್ದು, ಬಿಗಿಯಾದರೆ ಅವಳನ್ನೇ ಬಯ್ಯಿರಿ.

ಸಮಾಧಿ ತೊಳೆಯುವ ಹಬ್ಬಕ್ಕೆ ರೂತ್ ಬರುತ್ತಾಳೆಂದು ನೀನು ಬರೆದಾಗ ನನಗೆ ಸ್ವಲ್ಪ ಭಯವೇ ಆಗಿತ್ತು. ಪರ್ತ್‌ನಲ್ಲಿ ಬೆಳೆದ ಹುಡುಗಿ, ನಮ್ಮ ಚಾಪೆ, ನಮ್ಮ ಖಾರ ಒಗ್ಗುತ್ತದೋ ಇಲ್ಲವೋ ಎಂದು. ಬಂದ ದಿನವೇ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ಹುಣಸೆ ಹುಳಿಯ ಮೀನು ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡಳು. ನೀನು ಕಲಿಸಿದ ಅರೆಬರೆ ಮಲಯ್ ಮಾತಾಡುತ್ತಾಳೆ. ಅದರಲ್ಲಿ ಬೈಗುಳಗಳು ಮಾತ್ರ ಸ್ಪಷ್ಟವಾಗಿವೆ, ಅಣ್ಣಾ. ಮರುದಿನ ಬೆಳಿಗ್ಗೆ ಚೀಲದಿಂದ ನೀನು ಬರೆದುಕೊಟ್ಟ ನಕಾಶೆ ತೆಗೆದು, "ಅತ್ತೆ, ಇದರಲ್ಲಿರೋ ಹಾಗೇನೇ ನಡೀಬೇಕು, ಅಪ್ಪನ ಆರ್ಡರ್" ಅಂದಳು.

ನಲವತ್ತೊಂದು ವರ್ಷ ಈ ಕಡೆ ತಲೆ ಹಾಕದವನು, ಬೀದಿಗಳನ್ನೆಲ್ಲ ಒಂದೂ ಬಿಡದೆ ಬರೆದಿದ್ದೀಯ. ಕಮ್ಮಾರ ಬೀದಿಯ ತಿರುವಿನಲ್ಲಿದ್ದ ಕಲ್ಲನ್ನೂ ಬಿಟ್ಟಿಲ್ಲ. ಕಲ್ಲು ಈಗಿಲ್ಲ, ಕಮ್ಮಾರರೂ ಒಬ್ಬಿಬ್ಬರೇ ಉಳಿದಿದ್ದಾರೆ. ಹೀರೆನ್ ಬೀದಿಯ ನಮ್ಮ ಮನೆ ಹೋಟೆಲಾಗಿ ಆರು ವರ್ಷವಾಯಿತು, ಬರೆದಿದ್ದೆನಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗುನಗುತ್ತಾ, "ರೂಮ್ ಬೇಕಾ ಅಜ್ಜಿ?" ಎಂದು ಕೇಳಿದಳು. "ಹುಟ್ಟಿದ ಮನೇಲಿ ದುಡ್ಡು ಕೊಟ್ಟು ಮಲಗ್ತಾರೇನಮ್ಮಾ?" ಅಂದೆ. ಪಾಪ, ಮುಖ ಕೆಂಪಗೆ ಮಾಡಿಕೊಂಡು ಹಿಂಬಾಗಿಲವರೆಗೂ ಒಳಗೆ ಬಿಟ್ಟಳು. ರೂತ್ ಹಿಂಬಾಗಿಲಲ್ಲಿ ನಿಂತು ನಕಾಶೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅತ್ತೆ, ಇಲ್ಲಿ ಅಪ್ಪ ಸಮುದ್ರ ಬರ್ದಿದಾರೆ. ಎಲ್ಲಿದೆ?" ಎದುರಿಗೆ ಅಂಗಡಿಗಳ ಸಾಲು, ಕಾರು ನಿಲ್ಲಿಸುವ ಜಾಗ. ನೀರಿಗೆ ಮಣ್ಣು ತುಂಬಿ ತುಂಬಿ ಸಮುದ್ರವನ್ನು ಎಲ್ಲಿಗೋ ದೂಡಿಬಿಟ್ಟಿದ್ದಾರೆ. ನೀನು ಮೆಟ್ಟಿಲಿಂದ ಜಿಗಿದು ಈಜುತ್ತಿದ್ದ ಜಾಗ ಅದೇ ಎಂದು ಹೇಳಿದೆ. ಅವಳು ನಂಬಲಿಲ್ಲ.

ಅಕ್ಕಸಾಲಿ ಬೀದಿಯಲ್ಲಿ ಗಣಪತಿ ಗುಡಿಯ ಮುಂದೆ ಯಾರು ಸಿಕ್ಕಿದರು ಹೇಳು? ನಿನ್ನ ಜೊತೆ ಶಾಲೆಗೆ ಹೋಗುತ್ತಿದ್ದ ವೈತಿಲಿಂಗಂ. ಹಲ್ಲು ಒಂದೂ ಇಲ್ಲ, ಬಾಯಿ ಮಾತ್ರ ಹಾಗೇ ಇದೆ. ರೂತ್ ಯಾರ ಮಗಳೆಂದು ತಿಳಿದದ್ದೇ, "ನಿಮ್ಮಪ್ಪ ನನ್ನ ಸೈಕಲ್ಲನ್ನ ಹೊಳೇಗೆ ಬೀಳಿಸಿದ. ಹುಡುಕ್ಕೊಂಡು ಬರ್ತೀನಿ ಅಂತ ಹೋದೋನು, ಪರ್ತ್‌ಗೇ ಹೋಗ್ಬಿಟ್ಟ ನೋಡು! ಸಿಕ್ತಾ ಅಂತ ಕೇಳಮ್ಮಾ" ಅಂದ. ರೂತ್ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ಪಕ್ಕದ ಮಸೀದಿ, ಅದರಾಚೆ ನಮ್ಮ ಕ್ವಾನ್ ಯಿನ್ ತಾಯಿಯ ಗುಡಿ. ಅಲ್ಲಿ ಊದುಬತ್ತಿ ಹಚ್ಚಿ, ನಿನ್ನ ಹೆಸರಲ್ಲೂ ಮೂರು ನೆಟ್ಟೆವು. ತೆಂಗಿನಹಾಲಿಗೆ ಬೆಲ್ಲ ಸುರಿದ ಚೆಂಡೋಲ್ ಕುಡಿಯಲು ಕೂತಾಗ ನನ್ನ ಮಂಡಿ ಮುಷ್ಕರ ಹೂಡಿತು. ಅವಳು ಬೀದಿಯಲ್ಲೇ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು. ಥೇಟ್ ನಿನ್ನ ಕೈ, ಹೆಬ್ಬೆರಳು ಸಹ.

ಸಂಜೆ ಬಿಸಿಲು ಇಳಿದ ಮೇಲೆ ಬುಕಿಟ್ ಚೀನಾ ಗುಡ್ಡ ಹತ್ತಿದೆವು. ಅಪ್ಪ ಅಮ್ಮನ ಸಮಾಧಿಯ ಹುಲ್ಲನ್ನು ರೂತ್ ಒಬ್ಬಳೇ ಕಿತ್ತಳು, ನನಗೆ ಬಗ್ಗಲು ಬಿಡಲಿಲ್ಲ. ಕೆಂಪು ಬಣ್ಣ ಮಾಸಿದ್ದ ಅಕ್ಷರಗಳನ್ನು ಬ್ರಷ್ಷಿನಿಂದ ತುಂಬುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ತಾವು ಮನೆ ಬಿಟ್ಟು ಹೋದ ಸಿಟ್ಟಿನಲ್ಲೇ ಅಜ್ಜಿ ಸತ್ತರು ಅಂತ ಅಪ್ಪ ಅಂದ್ಕೊಂಡಿದಾರೆ ಅತ್ತೆ. ಅಜ್ಜಿಗೆ ಹುಷಾರಿಲ್ಲ ಅಂತ ನೀವು ಕಳಿಸಿದ ಮೊದಲ್ನೇ ತಂತಿ ದಾರೀಲಿ ಕಳೆದುಹೋಗದೇ ಇದ್ದಿದ್ರೆ ಬಂದು ಕಾಲು ಹಿಡೀತಿದ್ದೆ ಅಂತಾರೆ. ಅದಕ್ಕೇ ಈ ಊರಿಗೆ ಬರಕ್ಕೆ ಅವರಿಗೆ ಮನಸ್ಸಾಗಲ್ಲ." ಗಾಳಿಗೆ ಮೇಣದಬತ್ತಿ ಆರಿತ್ತು, ಮತ್ತೆ ಹಚ್ಚಿದೆ. ಇಳಿಯುವಾಗ ಅವಳು ನನ್ನ ಕೈ ಹಿಡಿದಿದ್ದಳು.

ಇನ್ನೇನು ಸುದ್ದಿ? ಪಕ್ಕದ ಮನೆಯವರು ಪೇರಲೆ ಗಿಡ ಕಡಿಸಿದರು. ನನ್ನ ಹತ್ತಿರ ಮಣಿ ಕೆಲಸ ಕಲಿಯಲು ಇಬ್ಬರು ಹೆಂಗಸರು ಬರುತ್ತಾರೆ, ಒಬ್ಬಳಿಗೆ ತಾಳ್ಮೆಯಿದೆ. ಅತ್ತಿಗೆಗೆ ನನ್ನ ನೆನಪು ಹೇಳು. ಕ್ವಾನ್ ಯಿನ್ ತಾಯಿ ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ ತಂಗಿ,
ಪೋ ನಿಯೋ

ಮತ್ತೆ: ಟ್ಯಾಕ್ಸಿ ಬಂದಿದೆ, ರೂತ್ ಕೂಗುತ್ತಿದ್ದಾಳೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಅಣ್ಣಾ, ಮೊದಲನೇ ತಂತಿ ಕಳೆದುಹೋಗಲಿಲ್ಲ. ನಾನು ಕಳಿಸಲೇ ಇಲ್ಲ. ಅಮ್ಮ ಹಾಸಿಗೆ ಹಿಡಿದಾಗ "ಹೊಕ್‌ಗೆ ಹೇಳಿಕಳ್ಸೇ" ಅಂದಳು. "ಕಳಿಸಿದ್ರೆ ನೀನೂ ಈ ಮನೇಲಿರಬೇಡ" ಅಂದರು ಅಪ್ಪ. ಅಮ್ಮ ಮಲಗಿದ್ದ ಒಂಬತ್ತು ದಿನವೂ ಬರೆದ ಚೀಟಿ ಹಿಡಿದು ತಂತಿ ಕಚೇರಿಗೆಂದು ಸೇತುವೆಯವರೆಗೆ ಹೋದೆ, ಒಂಬತ್ತು ದಿನವೂ ಹಿಂದಿರುಗಿದೆ. ಅಮ್ಮನಿಗೆ ಮಾತ್ರ "ಕಳಿಸಿದೀನಿ, ಅಣ್ಣ ಹೊರಟಿದ್ದಾನೆ" ಎಂದು ಸುಳ್ಳು ಹೇಳಿದೆ. ಅವಳು ಸಿಟ್ಟಿನಲ್ಲಿ ಸಾಯಲಿಲ್ಲ. ಮಹಡಿಯ ಕೋಣೆ ಗುಡಿಸಿಸಿ, ನಿನಗೆಂದು ಹಾಸಿಗೆ ಹಾಕಿಸಿ, ನೀನು ದಾರಿಯಲ್ಲಿದ್ದೀ ಅಂದುಕೊಂಡೇ ಹೋದಳು. ಬಯ್ಯುವುದಾದರೆ ಬಯ್ಯಿ, ತಡೆದುಕೊಳ್ಳುತ್ತೇನೆ. ಆದರೆ ಪತ್ರದಲ್ಲಿ ಬೇಡ. ಇಲ್ಲಿಗೇ ಬಂದು ಬಯ್ಯಿ.