ಎರಡನೇ ಕಾರ್ಡ್

ಹೂವಿನಹಡಗಲಿ,
ಶುಕ್ರವಾರ

ಗುರುಬಸವರಾಜಣ್ಣನಿಗೆ ನಮಸ್ಕಾರ.

ನನ್ನ ಹೂವಿನ ಅಂಗಡಿಗೆ ನೀನೇ ಕೂಡಿಸಿಕೊಟ್ಟ ಸರ್ವರ್ ತಿಂಗಳಿಂದ ನಿಧಾನವಾಗಿತ್ತು. ನಿನಗೇಕೆ ತೊಂದರೆ ಎಂದು ನಿನ್ನೆ ಕೊಟ್ಟೂರಿನಿಂದ ಕಂಪ್ಯೂಟರ್ ರಿಪೇರಿಯ ವಾಣಿಶ್ರೀಯನ್ನು ಕರೆಸಿದೆ. ಸೆಟ್ಟಿಂಗ್ಸ್ ತೆರೆದು ನೋಡಿದ ಆಕೆ, "ಅಕ್ಕಾರ, ಇದರಾಗ ಎರಡು ನೆಟ್‌ವರ್ಕ್ ಕಾರ್ಡ್ ಅದಾವ. ಎರಡನೇದು ನಿಮ್ಮ ಆರ್ಡರೆಲ್ಲಾ ಹೊರಗ ಯಾರಿಗೋ ಕಳಸಾಕ ಹತ್ತೈತಿ ನೋಡ್ರಿ" ಎಂದಳು. ನನಗೆ ನಂಬಿಕೆಯಾಗಲಿಲ್ಲ. ಆದರೂ ಆ ಕಾರ್ಡ್ ಬಂದ್ ಮಾಡಿಸಿದೆ.

ಹತ್ತೇ ನಿಮಿಷದಲ್ಲಿ ನೀನು ಹರಪನಹಳ್ಳಿಯಿಂದ ಫೋನ್ ಮಾಡಿದೆ. "ಅಮೃತಾ, ನಿನ್ನ ಸರ್ವರ್ ಯಾಕ ಬಂದ್ ಆಗೈತಿ?"

ಸರ್ವರ್ ನಡೆಯುತ್ತಲೇ ಇತ್ತು, ಅಣ್ಣಾ. ನಿನಗೆ ಕಾಣುವುದಷ್ಟೇ ನಿಂತಿತ್ತು.

ನನ್ನ ಮದುವೆ ಆರ್ಡರುಗಳೆಲ್ಲ ನಿನ್ನ ಗೆಳೆಯನ ಅಂಗಡಿಗೆ ಹೋದಾಗ, ಮಾಲೆ ಸರಿಯಿಲ್ಲದ್ದಕ್ಕೇ ಹೋದವು ಎಂದು ನೀನೇ ಹೇಳಿದ್ದೆ. ಆ ಮಾತು ನಂಬಿ, ನಾನು ಹೂ ಕಟ್ಟುವ ಕೆಂಚಕ್ಕನನ್ನು ಕೆಲಸ ಬಿಡಿಸಿದ್ದೆ. ಇಂದು ಬೆಳಿಗ್ಗೆ ಆಕೆಯ ಮನೆಗೆ ಹೋಗಿ, ತಪ್ಪಾಯಿತೆಂದು ಹೇಳಿ ಕರೆದುಕೊಂಡು ಬಂದೆ.

ಪಾಸ್‌ವರ್ಡ್ ಬದಲಿಸಿದ್ದೇನೆ. ಅಂಗಡಿಯ ಇನ್ನೊಂದು ಬೀಗದ ಕೈಯನ್ನು ಬಸ್ಸಿನವರ ಹತ್ತಿರ ಕಳಿಸು, ನೀನೇ ತರಬೇಡ. ನೀನು ಯಾಕೆ ಬರುತ್ತಿಲ್ಲ ಎಂದು ಅವ್ವ ಕೇಳಿದರೆ, ಕೆಲಸ ಹೆಚ್ಚಾಗಿದೆ ಎನ್ನುತ್ತೇನೆ. ನೀನೂ ಹಾಗೇ ಹೇಳು.

ಇಂತಿ,
ಅಮೃತಾ