ಸಣ್ಣಕ್ಷರ ಕಲಿಸದೆ ಬಾಗಿಲು ಮುಚ್ಚಿದವರಿಗೆ

ಮಾನ್ಯ ವಯಸ್ಕರ ಶಿಕ್ಷಣಾಧಿಕಾರಿಗಳೇ,

ನನಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತದೆ ಎಂದು ನೀವು ಪ್ರಮಾಣಪತ್ರ ಕೊಟ್ಟಿದ್ದೀರಿ. ದಯವಿಟ್ಟು ಅದನ್ನು ವಾಪಸು ತೆಗೆದುಕೊಳ್ಳಿ. ನನಗೆ ಬರುವುದಿಲ್ಲ. ಬರುತ್ತದೆ ಎಂದು ನೀವು ಸಹಿ ಹಾಕಿ ಮೊಹರು ಒತ್ತಿದ್ದರಿಂದ ನನ್ನ ನಾದಿನಿಯ ಬಲಗೈ ಇವತ್ತು ಬ್ಯಾಂಡೇಜಿನೊಳಗಿದೆ. ನಾನು ದಿನ ಬೆಳಗಾದರೆ ಜೀವ ಕೈಯಲ್ಲಿ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ನಿಮ್ಮ ಕಚೇರಿಗೂ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಇನ್ನೊಮ್ಮೆ ಬಂದೆ. ಆಗಲೂ ಮೀಟಿಂಗ್. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಮೀಟಿಂಗಿನಲ್ಲಿ ಯಾರಾದರೂ ಪತ್ರಿಕೆ ತಿರುವಿ ಹಾಕುವಾಗ ಕಣ್ಣಿಗೆ ಬಿದ್ದೀತು ಎಂದು.

ನಾನು ಓದುಬರಹ ಇಲ್ಲದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಕಾದಂಬರಿ ಹಿಡಿದರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯದು ಎಂದು ಮನೆಯವರು ಬೈಯುವುದುಂಟು. ಆದರೆ ನಾನು ಕೆಲಸ ಮಾಡುವ ಕಾರ್ಖಾನೆಯ ಗೋಡೆಗಳಿಗೆ ನಮ್ಮ ಭಾಷೆ ಬರುವುದಿಲ್ಲ. ಬಟಾಣಿ, ಜೋಳದ ಕಾಳು, ಕತ್ತರಿಸಿದ ತರಕಾರಿಗಳನ್ನು ಹೆಪ್ಪುಗಟ್ಟಿಸಿ ಚೀಲ ತುಂಬಿ ಕಳಿಸುವ ಕಾರ್ಖಾನೆ ಅದು. ಅಲ್ಲಿ ಬಾಗಿಲು, ಯಂತ್ರ, ಕೊಳವೆ ಎಲ್ಲವೂ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಆ ಮಾತು ಕಲಿಯೋಣವೆಂದು ನಾನೂ ನನ್ನ ನಾದಿನಿಯೂ ಕೆಲಸ ಮುಗಿಸಿ, ಕಾಲು ಎಳೆದುಕೊಂಡು, ಗ್ರಂಥಾಲಯದ ಮಹಡಿಯ ಮೇಲೆ ನಿಮ್ಮ ಇಲಾಖೆ ನಡೆಸುತ್ತಿದ್ದ ತರಗತಿಗೆ ಹೋಗುತ್ತಿದ್ದೆವು. ನಾದಿನಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಆಳು ಪುಟ್ಟದು, ಬಾಯಿ ಒಂದು ಗಳಿಗೆ ಸುಮ್ಮನಿರದು.

ನಮ್ಮ ಟೀಚರ್ ನಿವೃತ್ತ ಶಾಲಾ ಶಿಕ್ಷಕಿ. ಪುಸ್ತಕ ಬದಿಗಿಟ್ಟು ನಮ್ಮನ್ನು ಬೀದಿಗೆ ಕರೆದುಕೊಂಡು ಹೋಗಿ ಅಂಗಡಿಗಳ ಬೋರ್ಡು ಓದಿಸುತ್ತಿದ್ದರು. ಬೋರ್ಡುಗಳೆಲ್ಲ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್, ಆದ್ದರಿಂದ ಮೊದಲು ದೊಡ್ಡಕ್ಷರ ಕಲಿತೆವು. ಔಷಧದಂಗಡಿಯ ಗಾಜಿನ ಬಾಗಿಲ ಮೇಲಿದ್ದ ‘ಪುಷ್’ ಎಂಬುದನ್ನು ನಾನೇ ಸ್ವಂತವಾಗಿ ಓದಿ, ತಳ್ಳಿ, ಬಾಗಿಲು ತೆರೆದುಕೊಂಡ ದಿನ ಗುಬ್ಬಿ ಬೀದಿಯಲ್ಲೇ ಚಪ್ಪಾಳೆ ತಟ್ಟಿದ್ದಳು. ಮುಂದಿನ ವಾರದಿಂದ ಸಣ್ಣಕ್ಷರ ಎಂದಿದ್ದರು ಟೀಚರ್.

ಮುಂದಿನ ವಾರ ಬಂದವರು ನೀವು. ಕ್ಯಾಮೆರಾ ಹಿಡಿದವನೊಬ್ಬ ನಿಮ್ಮ ಜೊತೆಗಿದ್ದ. ಒಬ್ಬೊಬ್ಬರನ್ನೇ ಕರೆದು ಹಲಗೆಯ ಮೇಲೆ ಹೆಸರು ಬರೆಸಿದಿರಿ. ಗುಬ್ಬಿ ಕೊನೆಯ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದಳು. ನೀವು ಅದಕ್ಕೂ ಚಪ್ಪಾಳೆ ತಟ್ಟಿದಿರಿ. ಗುರಿ ಮುಟ್ಟಿತು, ತರಗತಿ ಇವತ್ತಿಗೆ ಮುಕ್ತಾಯ ಎಂದಿರಿ. ಟೀಚರ್ ಎದ್ದು ನಿಂತು ಹೇಳಿದ್ದು ನಿಮಗೆ ನೆನಪಿರಲಾರದು, ನನಗಿದೆ.

“ಸರ್, ಇನ್ನೂ ಸಣ್ಣಕ್ಷರ ಶುರುನೇ ಮಾಡಿಲ್ಲ.”

“ದೊಡ್ಡದೇ ಬಂದ ಮೇಲೆ ಚಿಕ್ಕದು ಯಾವ ಲೆಕ್ಕ, ಟೀಚರ್? ಅವರೇ ಕಲ್ಕೋತಾರೆ ಬಿಡಿ!”

ನಾವೂ ನಕ್ಕೆವು. ಅಧಿಕಾರಿಗಳು ತಮಾಷೆ ಮಾಡಿದಾಗ ನಗದಿರುವ ಧೈರ್ಯ ಯಾರಿಗಿರುತ್ತದೆ? ಅದು ತಮಾಷೆಯಲ್ಲ, ಇಲಾಖೆಯ ತೀರ್ಮಾನ ಎಂದು ಆಮೇಲೆ ತಿಳಿಯಿತು. ಪ್ರಮಾಣಪತ್ರದ ಒಂದೊಂದು ಪ್ರತಿ ಕಾರ್ಖಾನೆಗೂ ಹೋಯಿತು. ಅದು ಪೂರ್ತಿ ಸಣ್ಣಕ್ಷರದಲ್ಲಿತ್ತು. ಅದರಲ್ಲಿ ಏನು ಬರೆದಿದೆಯೆಂದು ಓದಲಾಗದೆಯೇ ಕೈಮುಗಿದು ತೆಗೆದುಕೊಂಡೆವು.

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮವಿದೆ: ಶೀತಲ ಕೋಣೆಯೊಳಗೆ ಕೆಲಸ ಮಾಡುವವರಿಗೆ ಇಂಗ್ಲಿಷ್ ಓದಲು ಬರಬೇಕು. ನಿಯಮ ಸರಿಯಾಗಿಯೇ ಇದೆ, ಸುಳ್ಳು ಹೇಳಿದ್ದು ನಿಮ್ಮ ಕಾಗದ. ಅದನ್ನು ನೋಡಿ ಮೇಲ್ವಿಚಾರಕರು ನಮ್ಮಿಬ್ಬರನ್ನು ಪ್ಯಾಕಿಂಗ್ ಮೇಜಿನಿಂದ ಶೀತಲ ಕೋಣೆಗೆ ಹಾಕಿದರು. “ಇನ್ಮೇಲೆ ನೀವು ಓದಿದವರು” ಅಂದರು. ಗುಬ್ಬಿ ಹಿಗ್ಗಿದಳು. ಬರುವುದಿಲ್ಲ ಎಂದು ನಾನು ಆಗಲೇ ಹೇಳಿಬಿಡಬೇಕಿತ್ತು, ಹೇಳಲಿಲ್ಲ.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದ ಮೇಲೆ, ಕೊನೆಯ ಸಾಲಿನ ಪೆಟ್ಟಿಗೆಗಳನ್ನು ಸರಿಮಾಡಿ ಬಂದರಾಯಿತೆಂದು ನಾವಿಬ್ಬರೂ ಒಳಗೆ ಉಳಿದಿದ್ದೆವು. ಲಾರಿಗೆ ಸರಕು ತುಂಬುವವನು ಬಾಗಿಲು ತೆರೆದಿರುವುದನ್ನು ಕಂಡ. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಬಾಗಿಲು ಎಳೆದು, ಹೊರಗಿದ್ದ ಸ್ವಿಚ್ ಆರಿಸಿ, ಊಟಕ್ಕೆ ಹೋದ. ಅವನದೇನೂ ತಪ್ಪಿಲ್ಲ. ಜವಾಬ್ದಾರಿಯ ಮನುಷ್ಯ.

ಕತ್ತಲು ಎಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಮೊದಲಿಗೆ ಗುಬ್ಬಿ ನಕ್ಕಳು. “ಅಯ್ಯೋ, ಯಾರ‍್ರೀ ಅದು, ನಾವಿನ್ನೂ ಒಳಗಿದ್ದೀವಿ!” ಅವಳ ಮಾತು ಎಲ್ಲಿಗೂ ಹೋಗಲಿಲ್ಲ, ಆ ದಪ್ಪ ಗೋಡೆಗಳು ಅದನ್ನು ನುಂಗಿಕೊಂಡವು. ಕೂಗಿದೆವು, ಬಡಿದೆವು, ಒದ್ದೆವು. ಮೊಬೈಲುಗಳು ಹೊರಗಿನ ಕಪಾಟಿನಲ್ಲಿದ್ದವು. ಉಸಿರೆಳೆದರೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ತಣ್ಣನೆಯ ಗಾಳಿ ಊದುವ ಫ್ಯಾನು ಮಾತ್ರ ಯಾರಿಗೂ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು.

ಆಗ ಬಾಗಿಲಿನ ಹತ್ತಿರ ಹಸಿರು ಬೆಳಕು ಕಂಡಿತು. ಒಂದು ದುಂಡನೆಯ ಹಿಡಿ, ಅದರ ಪಕ್ಕದಲ್ಲಿ ಒಂದು ಫಲಕ. ಕತ್ತಲಲ್ಲಿ ತಾನಾಗಿ ಹೊಳೆಯುವ ಅಕ್ಷರಗಳು. ಒಳಗೆ ಸಿಕ್ಕಿಬಿದ್ದವರಿಗಾಗಿಯೇ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಎಲ್ಲವೂ ಸಣ್ಣಕ್ಷರ.

“ಅತ್ತಿಗೆ, ಓದಿ, ಬೇಗ ಓದಿ.”

“ತಡಿಯೇ. ಮೇಲಿನ ಸಾಲು ಒಂದೂ ಗೊತ್ತಾಗ್ತಿಲ್ಲ. ಕೆಳಗೆ… ಇದು ಪಿ. ಇದು ಯು. ಇದು ಎಸ್. ಇವು ದೊಡ್ಡದರ ಹಾಗೇ ಇವೆ.”

“ಆಮೇಲೆ?”

“ಆಮೇಲೆ ಕುರ್ಚಿ ಥರ ಏನೋ ಇದೆ. ಬೆನ್ನು ಎತ್ತರ, ಕೂರೋ ಜಾಗ ಗಿಡ್ಡ.”

“ಪುಷ್, ಅತ್ತಿಗೆ! ಔಷಧದಂಗಡಿ! ಪುಷ್ ಅಂದ್ರೆ ತಳ್ಳು!”

ತಳ್ಳಿದೆವು. ಆ ಹಿಡಿಯನ್ನು ಹೆಗಲು ಕೊಟ್ಟು, ಬೆನ್ನು ಕೊಟ್ಟು, ಒಬ್ಬರ ಮೇಲೊಬ್ಬರು ಬಿದ್ದು ತಳ್ಳಿದೆವು. ಅದು ಅಲುಗಲಿಲ್ಲ. ಗ್ಲೌಸು ಜಾರುತ್ತದೆಂದು ಗುಬ್ಬಿ ಬಿಚ್ಚಿ ಬರಿಗೈಯಲ್ಲಿ ಹಿಡಿದಳು. ಕೊರೆಯುವ ಕಬ್ಬಿಣಕ್ಕೆ ಚರ್ಮ ಅಂಟಿಕೊಂಡಿತು, ಅದು ಅವಳ ಕೈಯನ್ನು ಬಿಡಲಿಲ್ಲ. ಎಳೆದುಕೊಂಡಾಗ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ಮತ್ತೆ ಹಿಡಿದಳು. ಪುಷ್ ಎಂದು ಬರೆದಿತ್ತಲ್ಲ! ಓದಿದ್ದು ಸರಿಯಾಗಿಯೇ ಇತ್ತಲ್ಲ! ಬಾಗಿಲೇ ಕೆಟ್ಟಿದೆ, ಇನ್ನು ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಗುಬ್ಬಿಯನ್ನು ನನ್ನ ಸ್ವೆಟರಿನೊಳಗೆ ಎಳೆದುಕೊಂಡು ಕೂತೆ. ಬಾಯಿ ಮುಚ್ಚದ ಆ ಹುಡುಗಿ ಮಾತು ನಿಲ್ಲಿಸಿದ್ದಳು. ಚಳಿಗಿಂತ ಅದೇ ನನ್ನನ್ನು ಹೆಚ್ಚು ಹೆದರಿಸಿತು. “ಮಾತಾಡೇ, ಏನಾದ್ರೂ ಮಾತಾಡೇ” ಎಂದು ಅವಳ ಕೆನ್ನೆಗೆ ಬಡಿಯುತ್ತಲೇ ಇದ್ದೆ.

ಊಟ ಮುಗಿಸಿ ಬಂದವನು ಬಾಗಿಲು ತೆರೆದ. ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬರುವಷ್ಟರಲ್ಲಿ ಮೇಲ್ವಿಚಾರಕರು ಫಲಕ ತೋರಿಸಿ ಕೇಳಿದರು, “ಬರೆದಿದೆಯಲ್ಲಮ್ಮಾ, ಮೊದಲು ಎಡಕ್ಕೆ ತಿರುಗಿಸಿ, ಆಮೇಲೆ ತಳ್ಳಿ ಅಂತ. ಓದಿದವರಾಗಿ ಹೀಗೆ ಮಾಡ್ಕೊಂಡ್ರೆ ಹೇಗೆ?”

ಮಾನ್ಯರೇ, ಅವರಿಗೆ ನಾನು ಏನೆಂದು ಉತ್ತರ ಕೊಡಬೇಕಿತ್ತು? ಏನೂ ಓದಲು ಬಾರದಿದ್ದರೆ ಆ ಹಿಡಿಯನ್ನು ಎಳೆದು, ತಿರುಗಿಸಿ, ಎಲ್ಲ ಮಾಡಿ ನೋಡುತ್ತಿದ್ದೆವು. ಪೂರ್ತಿ ಬಂದಿದ್ದರೆ ಆಗಲೇ ಹೊರಗೆ ಬಂದು ಎಲ್ಲರ ಜೊತೆ ಊಟಕ್ಕೆ ಕೂತಿರುತ್ತಿದ್ದೆವು. ನೀವು ಕಲಿಸಿ ನಿಲ್ಲಿಸಿದ ಆ ಅರ್ಧ ಓದು ನಮ್ಮನ್ನು ಅಲ್ಲೇ ಹಿಡಿದಿಟ್ಟಿತು.

ಗುಬ್ಬಿಯ ಬಲಗೈಯಲ್ಲಿ ಚಳಿಗೆ ಸತ್ತುಹೋಗಿದ್ದ ಎರಡು ಬೆರಳ ತುದಿಗಳನ್ನು ವೈದ್ಯರು ತೆಗೆದರು. ಅರಿವಳಿಕೆಯ ಮಂಪರು ಇಳಿದಾಗ ಅವಳು ಕೇಳಿದ ಮೊದಲ ಮಾತು, “ಅತ್ತಿಗೆ, ಆ ಕುರ್ಚಿ ಅಕ್ಷರ ಎಚ್ಚೇ ತಾನೇ?” ಹೌದು ಕಣೇ ಎಂದೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ. ಈಗ ಅವಳು ಫ್ರಿಜ್ಜಿನ ಬಾಗಿಲು ತೆರೆದರೂ ಬೆಚ್ಚುತ್ತಾಳೆ. ಕೆಲಸಕ್ಕೆ ಹೋಗುವ ಮಾತೇ ಇಲ್ಲ.

ನಾನು ಹೋಗುತ್ತೇನೆ. ಮನೆ ನಡೆಯಬೇಕಲ್ಲ. ಮೇಜಿನ ಕೆಲಸಕ್ಕೇ ಕಳಿಸಿ, ನನಗೆ ಓದಲು ಬರುವುದಿಲ್ಲ ಎಂದು ಮೇಲ್ವಿಚಾರಕರ ಮುಂದೆ ನಿಂತು ಹೇಳಿದೆ. “ಬರುತ್ತೆ ಅಂತ ಇಲಾಖೆಯೇ ಹೇಳಿದ ಮೇಲೆ ಇಲ್ಲ ಅನ್ನೋಕೆ ನಾನ್ಯಾರಮ್ಮ?” ಎಂದರು. ನೋಡಿ, ನಿಮ್ಮ ಮಾತಿಗೆ ಎಷ್ಟು ಬೆಲೆ! ನನ್ನ ತಲೆಯೊಳಗೆ ಏನಿದೆಯೆಂದು ನನಗಿಂತ ನಿಮ್ಮ ಮೊಹರಿಗೆ ಚೆನ್ನಾಗಿ ಗೊತ್ತು.

ಬಾಗಿಲಿನ ಫಲಕ ಈಗ ನನಗೆ ಬಾಯಿಪಾಠ. ಆದರೆ ಒಳಗೆ ಇನ್ನೂ ಫಲಕಗಳಿವೆ. ಕೊಳವೆಗಳ ಮೇಲೊಂದು ಹಳದಿ, ಮೂಲೆಯಲ್ಲೊಂದು ಕೆಂಪು, ಫ್ಯಾನಿನ ಕೆಳಗೊಂದು. ಮೊದಲು ಅವು ಬರಿಯ ಬಣ್ಣವಾಗಿದ್ದವು. ಈಗ ಪ್ರತಿಯೊಂದೂ ನನಗೆ ಏನೋ ಕೂಗಿ ಹೇಳುತ್ತಿದೆ, ನಾನು ಕಿವುಡಿಯಂತೆ ಅದರ ಕೆಳಗೆ ಪೆಟ್ಟಿಗೆ ಹೊರುತ್ತಿದ್ದೇನೆ. ಬಸ್ಸಿನಲ್ಲಿ, ಗುಬ್ಬಿಯ ಮಾತ್ರೆಯ ಪಟ್ಟಿಯ ಮೇಲೆ, ಅಡುಗೆ ಅನಿಲದ ಕೊಳವೆಯ ಮೇಲೆ, ಎಲ್ಲಿ ಕಣ್ಣು ಹಾಯಿಸಿದರೂ ಸಣ್ಣಕ್ಷರ. ದೊಡ್ಡಕ್ಷರ ಅಂಗಡಿಯ ಹೆಸರು ಹೇಳುತ್ತದೆ ಅಷ್ಟೇ, ಸಾರ್. ಜೀವ ಉಳಿಸುವ ಮಾತೆಲ್ಲ ಸಣ್ಣದರಲ್ಲಿದೆ.

ಹೋದ ವಾರ ಧೈರ್ಯ ಮಾಡಿ ಆ ಕೆಂಪು ಫಲಕವನ್ನು ರಟ್ಟಿನ ತುಂಡಿನ ಮೇಲೆ ಚಿತ್ರ ಬಿಡಿಸುವ ಹಾಗೆ ಗೆರೆಗೆರೆ ನೋಡಿ ಬರೆದುಕೊಂಡು ಟೀಚರ್ ಮನೆಗೆ ಓಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

“ಇದರ ಹತ್ತಿರ ಗಂಟೆ ಇದೆಯಾ?”

“ಇದೆ ಟೀಚರ್. ಆಗಾಗ ಕೂಗುತ್ತೆ, ತಾನೇ ನಿಲ್ಲುತ್ತೆ. ಕೆಟ್ಟಿರಬೇಕು.”

“ಕೋಣೆ ತಣ್ಣಗೆ ಮಾಡೋ ಕೊಳವೆಯಿಂದ ವಿಷಾನಿಲ ಸೋರಿದಾಗ ಕೂಗೋ ಗಂಟೆ ಅದು. ಸದ್ದು ಕೇಳಿದ ಕೂಡಲೇ ಎಲ್ಲ ಬಿಟ್ಟು ಹೊರಗೆ ಓಡಿ ಅಂತ ಬರೆದಿದೆ. ಕೂಗಿದಾಗ ನೀವೇನು ಮಾಡ್ತಿದ್ರಿ?”

ನಾವು ಪೆಟ್ಟಿಗೆ ಜೋಡಿಸುತ್ತಿದ್ದೆವು. ಯಾವ ಸಲ ಅದು ಸುಮ್ಮನೆ ಕೂಗಿತು, ಯಾವ ಸಲ ನಿಜವಾಗಿ ಕೂಗಿತು, ಯಾರಿಗೆ ಗೊತ್ತು?

ಕಾರ್ಖಾನೆಯವರು ಏಕೆ ನಮ್ಮ ಭಾಷೆಯಲ್ಲೂ ಬರೆಸಬಾರದು ಎಂದು ಅವರನ್ನೂ, ಅವರ ಮೇಲಿನವರನ್ನೂ ಕೇಳುತ್ತೇನೆ. ನಿಮ್ಮಿಂದ ಕೇಳುವುದು ನಿಮ್ಮ ಕೈಯಲ್ಲಿರುವುದನ್ನು ಮಾತ್ರ. ನಮ್ಮ ತರಗತಿಯ ಇನ್ನಿಬ್ಬರು ಹೆಂಗಸರನ್ನು ಇದೇ ಸೋಮವಾರದಿಂದ ಶೀತಲ ಕೋಣೆಗೆ ಹಾಕುತ್ತಾರಂತೆ. ಅವರಲ್ಲೊಬ್ಬಳು ಎಳೆ ಬಾಣಂತಿ. ಅಷ್ಟರೊಳಗೆ ನಮ್ಮೆಲ್ಲರ ಪ್ರಮಾಣಪತ್ರ ರದ್ದು ಮಾಡಿ ಕಾರ್ಖಾನೆಗೆ ತಿಳಿಸಿ. ಗ್ರಂಥಾಲಯದ ಮಹಡಿಯ ಬೀಗ ತೆಗೆಸಿ, ಟೀಚರನ್ನು ವಾಪಸು ಕರೆಸಿ, ನಾವು ಗೋಡೆ ಓದುವವರೆಗೆ ತರಗತಿ ನಿಲ್ಲಿಸಬೇಡಿ. ಇದು ಯಾವುದೂ ಆಗದು ಎನ್ನುವುದಾದರೆ ಸೋಮವಾರ ನೀವೇ ನಮ್ಮ ಜೊತೆ ಒಳಗೆ ಬನ್ನಿ. ನಿಮಗೆ ಎಲ್ಲ ಅಕ್ಷರವೂ ಬರುತ್ತದೆ. ಪೆಟ್ಟಿಗೆ ನಾವು ಹೊರುತ್ತೇವೆ. ನೀವು ನಿಂತು, ಗಂಟೆ ಕೂಗುವವರೆಗೆ, ಗೋಡೆ ಓದಿ ಹೇಳುತ್ತಿರಿ.

ಇಂತಿ,
ಹೆದರಿದ ಕೈಯಿಂದಲೇ ಸಹಿ ಹಾಕುತ್ತಿರುವ,
ನಿಮ್ಮ ದಾಖಲೆಯ ಪ್ರಕಾರ ಇಂಗ್ಲಿಷ್ ಬಲ್ಲವಳು