ದನಿ ತೆಗೆದು ನೋಡಿದ ಪಾಠ

ಮನೆ, ಮಹಡಿಯ ಕೋಣೆ
ಮೇ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಮೊನ್ನೆ ವಿಡಿಯೋದಲ್ಲಿ ಸಿಕ್ಕಾಗ ನೀನು ಮತ್ತೆ ಮತ್ತೆ ಮುಖ ಆಚೆ ತಿರುಗಿಸುತ್ತಿದ್ದೆ. ಅಮ್ಮನಿಗೆ ಕೆಮ್ಮು ಕಾಣದಿರಲಿ ಎಂದು ಹಾಗೆ ಮಾಡಿದ್ದು ನನಗೆ ಗೊತ್ತಾಯಿತು, ಅಮ್ಮನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಪ್ರೆಸ್ಸಿನಲ್ಲಿ ಕಾಗದದ ದೂಳು ಏಳುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ಊಟ ಆರಿಸಿಕೊಂಡು ತಿನ್ನಬಾರದಂತೆ, ತಲೆ ಒದ್ದೆ ಇಟ್ಟುಕೊಂಡು ಮಲಗಬಾರದಂತೆ. ಇವೆಲ್ಲ ಅಮ್ಮನ ಮಾತು, ನಾನು ಬರೀ ಕೈ. ಅವಳ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪ ಆರಾಮಾಗಿದ್ದಾರೆ. ಶಾಲೆ ಶುರುವಾಗುವ ಕಾಲ ನೋಡು, ಅವರ ಹೊಲಿಗೆ ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆ ಆಳೆತ್ತರ ಬಿದ್ದಿದೆ. ಪ್ರೆಸ್ಸಿನಲ್ಲಿ ನನ್ನಂಥವರೇ ಇನ್ನಿಬ್ಬರಿದ್ದಾರೆ, ದಿನವಿಡೀ ಕೈಯಲ್ಲೇ ಹರಟುತ್ತೇವೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಆ ಯಂತ್ರಗಳ ಸದ್ದಿಗೆ ಉಳಿದವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡರೆ ನೀವು ಮೂವರು ಮಾತ್ರ ಹಾಯಾಗಿರುತ್ತೀರಂತೆ. ಅಮ್ಮನಿಗೆ ಓದಿ ಹೇಳಿದೆ. ನಕ್ಕಳು, ಆಮೇಲೆ ಅಡುಗೆಮನೆಗೆ ಎದ್ದು ಹೋದಳು.

ಇದೇನು, ಅಕ್ಕ ಕಾಗದ ಬರೆದಿದ್ದಾಳೆ ಅಂದುಕೊಳ್ಳಬೇಡ. ಫೋನಿನಲ್ಲಿ ನಾನು ಎಷ್ಟೇ ಉದ್ದ ಬರೆದರೂ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀಯ. ಇದು ಹೆಬ್ಬೆರಳಿನಲ್ಲಿ ಮುಗಿಯುವ ಸುದ್ದಿಯಲ್ಲ.

ನಾನು ವಿಶ್ವವಿದ್ಯಾಲಯದ ಸಂಜೆ ಕೋರ್ಸಿಗೆ ಸೇರಿದ್ದು ನಿನಗೆ ಗೊತ್ತು. ನೀನು ಅಲ್ಲಿದ್ದಾಗ ಮಾಧ್ಯಮ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಉಗ್ರಾಣ, ಅದರೊಳಗೊಂದು ಪ್ರೊಜೆಕ್ಟರ್, ಕಾಲು ಸಡಿಲವಾದ ಕ್ಯಾಮೆರಾ ಸ್ಟ್ಯಾಂಡ್, ಅಷ್ಟೇ. ಕೀಲಿಕೈ ಯಾರ ಹತ್ತಿರ ಇದೆ ಎಂಬುದನ್ನು ಹುಡುಕುವುದರಲ್ಲೇ ಅರ್ಧ ಪಾಠ ಮುಗಿಯುತ್ತಿತ್ತು ಎಂದು ನೀನೇ ಹೇಳುತ್ತಿದ್ದೆ. ಈಗ ಬಂದು ನೋಡಿದರೆ ಗುರುತು ಸಿಗುವುದಿಲ್ಲ. ಗ್ರಂಥಾಲಯದ ಹಿಂದೆ ಎರಡು ಮಹಡಿ ಎದ್ದಿದೆ. ಕೆಳಗೆ ಸ್ಟುಡಿಯೋ, ಗೋಡೆಗೆಲ್ಲ ಉಬ್ಬುತಗ್ಗಿನ ಸ್ಪಂಜು. ಮೇಲೆ ಎಡಿಟಿಂಗ್ ಕೋಣೆ, ಪಕ್ಕದಲ್ಲಿ ಧ್ವನಿಮುದ್ರಣಕ್ಕೆ ಗಾಜಿನ ಗೂಡು. ಮೊದಲ ವರ್ಷ ಬೆರಳೆಣಿಕೆಯಷ್ಟು ಜನ ಇದ್ದರಂತೆ, ಈಗ ಸೀಟಿಗೆ ಶಿಫಾರಸು ಹಿಡಿದು ಬರುತ್ತಾರೆ. ನಮ್ಮ ಸಂಜೆ ತರಗತಿಯಲ್ಲಂತೂ ಎಲ್ಲ ನಮೂನೆಯವರೂ ಇದ್ದಾರೆ. ರೋಗಿಗಳಿಗೆ ತೋರಿಸಲು ಚಿತ್ರ ಮಾಡಬೇಕೆನ್ನುವ ಒಬ್ಬ ನರ್ಸ್, ನಿವೃತ್ತಿಯಾದ ಮೇಲೆ ರೇಡಿಯೋ ನಾಟಕದ ಹುಚ್ಚು ಹತ್ತಿಸಿಕೊಂಡ ಒಬ್ಬ ಬಸ್ ಕಂಡಕ್ಟರ್, ಉಳಿದವರೆಲ್ಲ ನಿನ್ನ ಓರಗೆಯ ಹುಡುಗ ಹುಡುಗಿಯರು. ಫೋಟೋ ಸ್ಟುಡಿಯೋದಲ್ಲಿ ನಾನು ಇಷ್ಟು ವರ್ಷ ಮದುವೆ ವಿಡಿಯೋ ಜೋಡಿಸಿದವಳೆಂದು ಗೊತ್ತಾಗಿ ನನಗೆ ಮದುವೆ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಎಲ್ಲರ ಮದುವೆ ಮಾಡಿಸಿದೆ, ನನ್ನದೊಂದು ಬಿಟ್ಟು ಎಂದು ನಾನೂ ನಗುತ್ತೇನೆ.

ಈಗ ಸುದ್ದಿಗೆ ಬರುತ್ತೇನೆ. ಎಡಿಟಿಂಗ್ ಕಲಿಸುವ ಮೇಡಂ ಒಂದು ಅಭ್ಯಾಸ ಕೊಟ್ಟರು. ಯಾವುದಾದರೂ ವಿಡಿಯೋ ತನ್ನಿ, ದನಿ ತೆಗೆದುಹಾಕಿ ನೋಡೋಣ, ಚಿತ್ರವೊಂದೇ ಎಷ್ಟು ಹೇಳುತ್ತದೆ ತಿಳಿಯಲಿ ಎಂದು. ಎಲ್ಲರೂ ಸಿನಿಮಾ ತುಣುಕು, ಜಾಹೀರಾತು ತಂದರು. ನಾನು ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದಲೇ ಒಂದು ಪಾಠ ಇಳಿಸಿಕೊಂಡು ಹೋದೆ. ಯಾರದು ಅಂತೀಯ? ನಿನ್ನ ಭೌತಶಾಸ್ತ್ರದ ಮೀಸೆ ಮೇಷ್ಟ್ರದು. ಯಾಕೆ ಅದನ್ನೇ ಆರಿಸಿದೆನೋ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪರದೆಯ ಮೇಲೆ ಆ ಪೊದೆಮೀಸೆ ಮೇಲೆ ಕೆಳಗೆ ಆಡುವುದನ್ನು ನೋಡಿ ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು, ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನು ಮಾತಾಡುತ್ತಲೇ ಇತ್ತು. ಒಬ್ಬಳು ಆಕಳಿಸಿದಳು. ಕಂಡಕ್ಟರ್ ಕುರ್ಚಿಯಲ್ಲಿ ಆಚೀಚೆ ಸರಿದಾಡಿದರು. ನಾನು ನಿಲ್ಲಿಸಲಿಲ್ಲ. ಕೊನೆಗೆ ಯಾರೋ, “ಸಾಕು ಅಕ್ಕ, ಹಿಂಸೆ ಆಗ್ತಿದೆ” ಅಂದರು. ಆಗ ನಾನು ಹೇಳಿದೆ, “ನನ್ನ ತಮ್ಮ ಒಂದೂವರೆ ವರ್ಷ ಹೀಗೇ ಕೂತಿದ್ದ.”

ಹೇಳುವ ತನಕ ನನಗೂ ಅದು ಅಷ್ಟು ನಿಚ್ಚಳವಾಗಿರಲಿಲ್ಲ ಕಣೋ. ನೀನು ಓದು ಬಿಟ್ಟು ಬಂದ ದಿನ, ಭೌತಶಾಸ್ತ್ರ ನನ್ನ ತಲೆಗೆ ಹತ್ತುವುದಿಲ್ಲ ಎಂದಷ್ಟೇ ಹೇಳಿ ತಟ್ಟೆ ತೊಳೆದಿಟ್ಟೆ. ಮೊದಲೆಲ್ಲ ನೀನು ಪಕ್ಕದ ಹುಡುಗನ ನೋಟ್ಸು ನೋಡಿ ಹೇಗೋ ನಿಭಾಯಿಸುತ್ತಿದ್ದೆ. ಪಾಠಗಳು ರೆಕಾರ್ಡ್ ಆಗಿ ವೆಬ್‌ಸೈಟಿಗೆ ಏರತೊಡಗಿದ ಮೇಲೆ, ಮನೆಯಲ್ಲಿ ಮತ್ತೊಮ್ಮೆ ಕೇಳಿಕೊಂಡರಾಯಿತು ಎಂದು ಪಕ್ಕದವನು ಬರೆಯುವುದನ್ನೇ ಬಿಟ್ಟ. ಎಲ್ಲರಿಗೂ ಅನುಕೂಲವಾದದ್ದು ನಿನಗೊಬ್ಬನಿಗೆ ಬಾಗಿಲು ಹಾಕಿತು. ಇದನ್ನೆಲ್ಲ ಆ ದಿನ ತರಗತಿಯಲ್ಲಿ ಹೇಳಿದೆ. ನಿನ್ನನ್ನು ಕೇಳದೆ ನಿನ್ನ ಕಥೆ ಹೇಳಿದ್ದಕ್ಕೆ ಬೈಯಬೇಡ.

ಅಲ್ಲಿಂದ ಶುರುವಾಯಿತು. ವರ್ಷದ ಕೊನೆಯ ಪ್ರಾಜೆಕ್ಟಾಗಿ ಭೌತಶಾಸ್ತ್ರದ ಪಾಠಗಳಿಗೆಲ್ಲ ಅಡಿಬರಹ ಹಾಕುತ್ತೇವೆ, ಹೇಳಿದ ಮಾತೆಲ್ಲ ಪರದೆಯ ಕೆಳಗೆ ಅಕ್ಷರದಲ್ಲಿ ಬರಬೇಕು ಎಂದು ನಾನೂ ನರ್ಸೂ ಕಂಡಕ್ಟರೂ ಅರ್ಜಿ ಕೊಟ್ಟೆವು. ವಿಭಾಗದ ಮುಖ್ಯಸ್ಥರು ಮೂಗು ಮುರಿದರು. “ಹೊಸ ಸ್ಟುಡಿಯೋ ಕಟ್ಟಿರೋದು ಟೈಪಿಂಗ್ ಮಾಡೋಕಲ್ಲಮ್ಮ. ಹೊರಗಿಂದ ಬಂದವರಿಗೆ ತೋರಿಸೋಕೆ ಒಂದು ಒಳ್ಳೇ ಚಿತ್ರ ಬೇಕು” ಅಂದರು. ಅವರ ಮಾತೂ ಪೂರ್ತಿ ತಪ್ಪಲ್ಲ. ಆ ಎರಡು ಮಹಡಿಗಾಗಿ ಅವರು ಎಷ್ಟು ಬಾಗಿಲು ತಟ್ಟಿದ್ದಾರೋ. ಹುಡುಗರಿಗೂ ಡ್ರೋನ್ ಹಾರಿಸುವ ಆಸೆ. ಕೊನೆಗೆ ಮೇಡಂ ನಡುವೆ ಬಂದು, ಒಂದು ಗುಂಪು ಚಿತ್ರ ಮಾಡಲಿ, ಒಂದು ಗುಂಪು ಇದನ್ನು ಮಾಡಲಿ, ಅಂಕ ಕೊಡುವವಳು ನಾನು ಎಂದುಬಿಟ್ಟರು.

ಯಂತ್ರವೇ ಮಾತು ಕೇಳಿ ಬರೆದುಕೊಳ್ಳುತ್ತದೆ, ನಾವು ನೋಡಿಕೊಂಡರಾಯಿತು ಅಂದುಕೊಂಡಿದ್ದೆವು. ಅದು ಬರೆದದ್ದನ್ನು ನೀನು ನೋಡಬೇಕಿತ್ತು. ಮೇಷ್ಟ್ರು ಬಲ ಅಂದರೆ ಬಾಲ ಎಂದು ಬರೆಯಿತು. ‘ವಸ್ತುವಿನ ಮೇಲೆ ಬಾಲ ಪ್ರಯೋಗಿಸಿದಾಗ ಅದು ಬಾಲದ ದಿಕ್ಕಿನಲ್ಲಿ ಚಲಿಸುತ್ತದೆ.’ ದ್ರವ್ಯರಾಶಿ ದ್ರಾಕ್ಷಿರಾಶಿಯಾಯಿತು. ಕಂಡಕ್ಟರ್ ಅದನ್ನು ನಾಟಕದ ದನಿಯಲ್ಲಿ ಓದಿ ಓದಿ ನಮ್ಮ ಹೊಟ್ಟೆ ಹುಣ್ಣಾಗಿಸಿದರು. ನಗುವುದೆಲ್ಲ ಆದ ಮೇಲೆ ಒಂದೊಂದು ಸಾಲನ್ನೂ ಕೈಯಿಂದ ತಿದ್ದಬೇಕಾಯಿತು. ವಿಷಯ ನಮಗೆ ಗೊತ್ತಿಲ್ಲ. ಬಾಲವೋ ಬಲವೋ ಹೇಳಲು ಮೇಷ್ಟ್ರೇ ಬೇಕು.

ಕರೆದಾಗ ಅವರು ಗೊಣಗುತ್ತಲೇ ಬಂದರು. “ನನ್ನ ದನಿ ಕೊನೇ ಬೆಂಚು ದಾಟಿ ಕಾರಿಡಾರಿಗೂ ಕೇಳುತ್ತೆ. ಇದೆಲ್ಲ ಯಾತಕ್ಕೆ?” ನಾನು ಅವರನ್ನು ಕೂರಿಸಿ, ಅವರದೇ ಪಾಠವನ್ನು ದನಿ ತೆಗೆದು ಹಾಕಿದೆ. ಬಹಳ ಹೊತ್ತು ನೋಡಿದರು. ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. “ಇಲ್ಲಿ ನಾನೇನು ಹೇಳ್ತಿದ್ದೀನಿ?” ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಸರ್ ಅಂದೆ. “ನನಗೂ ಗೊತ್ತಾಗ್ತಿಲ್ಲ” ಅಂದರು. ಆಗ ನಾನು ನಿನ್ನ ವಿಷಯ ಹೇಳಿದೆ, ಒಂದೂವರೆ ವರ್ಷ ಅವರ ತರಗತಿಯಲ್ಲಿ ನೀನು ಹೀಗೇ ಕೂತಿದ್ದನ್ನು. ಅವರಿಗೆ ನಿನ್ನ ನೆನಪು ಚೆನ್ನಾಗಿದೆ. “ಮೊದಲನೇ ಬೆಂಚಲ್ಲಿ ಕೂರ್ತಿದ್ದ. ಕಣ್ಣು ಮಿಟುಕಿಸದೆ ನನ್ನ ಮುಖಾನೇ ನೋಡ್ತಿದ್ದ. ಇಷ್ಟು ಆಸಕ್ತಿ ಇರೋನು ಪರೀಕ್ಷೇಲಿ ಯಾಕೆ ಏನೂ ಬರೆಯಲ್ಲ ಅಂತ ನನಗೆ ಸಿಟ್ಟು ಬರ್ತಿತ್ತಮ್ಮ. ಅವನು ಮೀಸೆ ಕೆಳಗೆ ತುಟಿ ಹುಡುಕ್ತಿದ್ದನಾ?” ನಾನು ಹೂಂ ಅಂದೆ.

ಮುಂದಿನ ವಾರ ಸ್ಟುಡಿಯೋ ಬಾಗಿಲಲ್ಲಿ ಕಾವಲುಗಾರ ಯಾರನ್ನೋ ತಡೆದು ಗುರುತಿನ ಚೀಟಿ ಕೇಳುತ್ತಿದ್ದ. ಹೋಗಿ ನೋಡಿದರೆ ನಮ್ಮ ಮೇಷ್ಟ್ರು. ಮೀಸೆ ಇಲ್ಲ. ಮೂಗಿನ ಕೆಳಗೆ ಬಿಸಿಲು ಕಾಣದ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. ಅವರ ಮನೆಯಾಕೆ ಎರಡು ದಿನ ಅವರ ಮುಖ ನೋಡಿದಾಗಲೆಲ್ಲ ನಕ್ಕರಂತೆ. “ಹಳೇ ಪಾಠ ಎಲ್ಲ ಮತ್ತೆ ರೆಕಾರ್ಡ್ ಮಾಡೋಣ. ಬೋರ್ಡಿನ ಕಡೆ ತಿರುಗಿ ಮಾತಾಡಿದ್ರೆ ನನಗೆ ಸೀಮೆಸುಣ್ಣದಲ್ಲಿ ಹೊಡೀರಿ” ಅಂದರು. ನರ್ಸ್ ನಿಜವಾಗಿಯೂ ಒಮ್ಮೆ ಹೊಡೆದಳು. ಅದನ್ನು ನೋಡಿ ಡ್ರೋನಿನ ಹುಡುಗರೂ ಒಬ್ಬೊಬ್ಬರಾಗಿ ನಮ್ಮ ಕೋಣೆಗೆ ಬರತೊಡಗಿದರು. ಈಗ ಪರದೆಯ ಮೂಲೆಯಲ್ಲಿ ಒಂದು ದುಂಡನೆಯ ಕಿಟಕಿ, ಅದರಲ್ಲಿ ಸನ್ನೆ ಭಾಷೆಯ ಟೀಚರ್ ನಿಂತು ಪಾಠವನ್ನು ಕೈಯಲ್ಲಿ ಹೇಳುತ್ತಾರೆ. ಅವರು ವಾರದಲ್ಲಿ ಎರಡು ಸಂಜೆ ನಮ್ಮ ವಿಭಾಗದಲ್ಲೇ ತರಗತಿಯನ್ನೂ ನಡೆಸುತ್ತಾರೆ, ಯಾರು ಬೇಕಾದರೂ ಸೇರಬಹುದು. ಬರುವ ವರ್ಷದಿಂದ ಅಡಿಬರಹ, ಸನ್ನೆ ಎರಡನ್ನೂ ಪಠ್ಯದಲ್ಲೇ ಸೇರಿಸುತ್ತಾರಂತೆ. ಹೊರಗಿನವರು ಬಂದರೆ ಮುಖ್ಯಸ್ಥರು ಮೊದಲು ಕರೆತರುವುದು ನಮ್ಮ ಕೋಣೆಗೇ. ಇದು ತಮ್ಮದೇ ಯೋಚನೆ ಎನ್ನುವ ಹಾಗೆ ವಿವರಿಸುತ್ತಾರೆ. ಹೇಳಿಕೊಳ್ಳಲಿ ಬಿಡು.

ಎಲ್ಲ ಸರಿಹೋಯಿತು ಎಂದು ನಿನ್ನ ಕಿವಿಗೆ ಹೂವಿಡುವುದಿಲ್ಲ. ಮುಗಿದಿರುವುದು ಭೌತಶಾಸ್ತ್ರ ಒಂದೇ. ಗಣಿತದವರು ನನಗೆ ಪುರುಸೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದಾರೆ. ರಸಾಯನಶಾಸ್ತ್ರದವರು ನೋಡೋಣ ಎಂದಿದ್ದಾರೆ, ಅದರ ಅರ್ಥ ಏನೆಂದು ನಿನಗೂ ಗೊತ್ತು. ಮತ್ತೆ ಬಂದು ಓದು ಎಂದು ನಾನು ಹೇಳುತ್ತಿಲ್ಲ. ಪ್ರೆಸ್ಸಿನಲ್ಲಿ ನಿನಗೆ ಗೆಳೆಯರಿದ್ದಾರೆ, ಕೈತುಂಬ ಕೆಲಸವಿದೆ. ಹತ್ತಲ್ಲ ಎಂದು ನೀನು ಹೇಳಿದ ಮಾತು ಮಾತ್ರ ಸುಳ್ಳಾಗಿತ್ತು, ಅದನ್ನು ನೀನೇ ನಿಜವೆಂದು ನಂಬಿಕೊಂಡುಬಿಟ್ಟೀಯ ಎಂದು ನನಗೆ ಭಯ. ಅದಕ್ಕೇ ಇಷ್ಟೆಲ್ಲ ಬರೆದೆ. ಮೊದಲ ಪಾಠದ ವಿಳಾಸವನ್ನು ನಿನ್ನ ಫೋನಿಗೆ ಕಳಿಸಿದ್ದೇನೆ. ನೋಡು, ಬಿಡು, ನಿನ್ನಿಷ್ಟ. ನೋಡಿದರೆ ಅಡಿಬರಹದಲ್ಲಿ ತಪ್ಪಿದ್ದರೆ ಹೇಳು. ಎಲ್ಲಾದರೂ ಒಂದು ಬಾಲ ಉಳಿದುಕೊಂಡಿರಬಹುದು.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಹೇಳಿದಳು, ಬರೆದಿದ್ದೇನೆ. ಮೈ ನೋಡಿಕೋ, ಗೆಳೆಯರಿಬ್ಬರಿಗೂ ನನ್ನ ನೆನಪು ತಿಳಿಸು.

ನಿನ್ನನ್ನು ದಿನಾ ನೆನೆಯುವ
ಅಕ್ಕ

ಮರೆತೇಬಿಟ್ಟಿದ್ದೆ, ಲಕೋಟೆ ಅಂಟಿಸುವ ಮೊದಲು ಇದೊಂದು. ಬರುವ ಭಾನುವಾರ ಅಪ್ಪ ನಿನ್ನನ್ನು ನೋಡಲು ಬರುತ್ತಿದ್ದಾರೆ. ಅಮ್ಮನನ್ನೂ ಕರೆತರುತ್ತಿಲ್ಲ, ನಾನೂ ಬರುವುದಿಲ್ಲ, ಅವರೊಬ್ಬರೇ. ಇಷ್ಟು ವರ್ಷ ನಿನಗೇನು ಹೇಳಬೇಕಿದ್ದರೂ ಅಮ್ಮನ ಕೈಯಲ್ಲೇ ಹೇಳಿಸುತ್ತಿದ್ದವರು ಎರಡು ತಿಂಗಳಿಂದ ಅಂಗಡಿ ಬೇಗ ಮುಚ್ಚಿ ನಮ್ಮ ಸನ್ನೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಾರೆ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು, ಮುರಿದಿದ್ದೇನೆ. ಕಾಗದ ಪೆನ್ನು ಮುಂದಿಡಬೇಡ. ಕೈ ತಡವರಿಸುತ್ತದೆ, ತಪ್ಪಿದರೆ ಮುಖ ಕೆಂಪಾಗುತ್ತದೆ, ನಗಬೇಡ. ನೀನೂ ಅವರೊಂದಿಗೆ ಸ್ವಲ್ಪ ನಿಧಾನವಾಗಿ ಮಾತಾಡು.